ಶಾಖೆ ಆರಿಸುವ ಮುನ್ನ ಚಿರೋಟಿ ರವೆಯ ದಿನಾಂಕ ನೋಡಿ

ಬೆಂಗಳೂರಿನಲ್ಲಿ ಒಂದೇ ಸೂಪರ್‌ಮಾರ್ಕೆಟ್‌ನ ಎರಡು ಶಾಖೆಗಳು ನಿಮಗೆ ಸಮೀಪವಿದ್ದರೆ, ಬೆಲೆಗಿಂತ ಮೊದಲು ರಾಗಿ ಹಿಟ್ಟು, ಚಿರೋಟಿ ರವೆ ಮತ್ತು ಸಾರಿನ ಪುಡಿಯ ಪೊಟ್ಟಣಗಳ ಮೇಲಿನ ತಯಾರಿಕೆಯ ದಿನಾಂಕವನ್ನು ಎರಡೂ ಕಡೆ ಹೋಲಿಸಿ ನೋಡಿ. ಹಾಲು, ಮೊಸರು ದಿನವೂ ಹೊಸದಾಗಿ ಬರುವುದರಿಂದ ಅವುಗಳಿಂದ ಏನೂ ತಿಳಿಯದು. ಆದರೆ ಹಿಟ್ಟು, ರವೆಗಳು ವ್ಯಾಪಾರ ಮಂದವಾಗಿರುವ ಶಾಖೆಯಲ್ಲಿ ವಾರಗಟ್ಟಲೆ ಉಳಿಯುತ್ತವೆ, ಹೀಗಾಗಿ ಪೊಟ್ಟಣದ ಮೇಲಿನ ಗರಿಷ್ಠ ಚಿಲ್ಲರೆ ಬೆಲೆ ಒಂದೇ ಆಗಿದ್ದರೂ ಒಳಗಿನ ಸರಕಿನ ವಯಸ್ಸು ಬೇರೆಯಾಗಿರುತ್ತದೆ. ಮುಂದಿನ ಪೊಟ್ಟಣವೊಂದನ್ನೇ ನೋಡದೆ ಹಿಂದಿನ ಸಾಲಿಗೂ ಕೈ ಹಾಕಿ: ಹಳೆಯದು ಮುಂದೆ, ಹೊಸದು ಹಿಂದೆ ಇದ್ದರೆ ಸಿಬ್ಬಂದಿ ಕ್ರಮವಾಗಿ ಜೋಡಿಸುತ್ತಿದ್ದಾರೆ ಎಂದರ್ಥ, ಹಳೆಯ ಸರಕು ಹಿಂದೆಯೇ ದೂಳು ಹಿಡಿದು ಕುಳಿತಿದ್ದರೆ ಆ ಶಾಖೆಯನ್ನು ನಾನು ನಂಬುವುದಿಲ್ಲ. ರವೆಗೆ ಬೇಗ ಹುಳು ಬೀಳುವ ಮಳೆಗಾಲದಲ್ಲಂತೂ ಈ ಪರೀಕ್ಷೆಯನ್ನು ಬಿಡಲೇಬಾರದು. ಅಂಗಡಿಯವರೇ ತುಂಬಿಡುವ ಬೇಳೆಕಾಳುಗಳಿಗೆ ಇದು ಉಪಯೋಗವಾಗದು, ಏಕೆಂದರೆ ಅವುಗಳ ಮೇಲಿರುವುದು ಪೊಟ್ಟಣ ಕಟ್ಟಿದ ದಿನಾಂಕವೇ ಹೊರತು ಕಾಳಿನ ವಯಸ್ಸಲ್ಲ. ಅಲ್ಲಿ ಪೊಟ್ಟಣವನ್ನು ಬೆಳಕಿಗೆ ಹಿಡಿದು, ತಳದಲ್ಲಿ ಸೇರಿರುವ ಪುಡಿಯನ್ನೂ ತೂತು ಬಿದ್ದ ಕಾಳುಗಳನ್ನೂ ನೋಡಬೇಕು. ಯುಗಾದಿ, ಗೌರಿ-ಗಣೇಶ ಹಬ್ಬಗಳ ಹಿಂದುಮುಂದಿನ ದಿನಗಳಲ್ಲಿಯೂ ಎಲ್ಲ ಶಾಖೆಗಳಿಗೆ ಹೊಸ ಸರಕು ಬಂದಿರುವುದರಿಂದ ವ್ಯತ್ಯಾಸ ಅಷ್ಟಾಗಿ ಕಾಣಿಸದು.