ಸಂತೇಮರಹಳ್ಳಿಯಿಂದ ಕೊಳ್ಳೇಗಾಲದವರೆಗೆ: ಒಂದು ಕ್ಷೇತ್ರದ ಇತಿಹಾಸ ಕಟ್ಟಿದ ನನ್ನ ಅನುಭವ

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಅಂದ ಕೂಡಲೇ ರಾಜಕೀಯದ ಆಸಕ್ತಿ ಇರುವ ಯಾರಿಗಾದರೂ ನೆನಪಾಗುವುದು 2004ರ ವಿಧಾನಸಭಾ ಚುನಾವಣೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು. ಅದೇ ಆ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆ ಅನ್ನುವುದು ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2008ಕ್ಕೆ ಕ್ಷೇತ್ರಗಳ ಮರುವಿಂಗಡಣೆ ಬಂತು, ಸಂತೇಮರಹಳ್ಳಿ ಹೆಸರಿನ ವಿಧಾನಸಭಾ ಕ್ಷೇತ್ರವೇ ಹೋಯಿತು.

ಹಾಗಾದರೆ ಆ ಎಂಬತ್ತು ಸಾವಿರ ಚಿಲ್ಲರೆ ವೋಟು ಆಮೇಲೆ ಎಲ್ಲಿಗೆ ಹೋದವು? ಇದಕ್ಕೆ ಉತ್ತರ ಹುಡುಕಲು ಹೊರಟಾಗಲೇ ಈ ಕೆಲಸ ಶುರುವಾಯಿತು.

ಮೊದಲಿಗೆ ಚುನಾವಣಾ ಆಯೋಗದ ಅಂಕಿಅಂಶ ವರದಿಗಳನ್ನು ಇಳಿಸಿಕೊಂಡೆ. 1951–52ರ ಮೊದಲ ಚುನಾವಣೆಯಿಂದ ಹಿಡಿದು ಪ್ರತಿ ಚುನಾವಣೆಗೂ ಒಂದೊಂದು ವರದಿ ಇದೆ. ಅಭ್ಯರ್ಥಿ, ಪಕ್ಷ, ವೋಟು, ಎಲ್ಲವೂ ಸಿಗುತ್ತದೆ. ಆದರೆ ಮೈಸೂರು ರಾಜ್ಯದ 1952ರ ವರದಿಯನ್ನು ಎಷ್ಟು ತಿರುವಿದರೂ, ಸಂತೇಮರಹಳ್ಳಿ ಕಡೆಯ ಊರುಗಳು ಈಗ ಸೇರಿರುವ ಕೊಳ್ಳೇಗಾಲ ಸಿಗುವುದಿಲ್ಲ. ಆಗ ಕೊಳ್ಳೇಗಾಲ ಇದ್ದದ್ದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ. 1956ರ ನವೆಂಬರ್ 1ಕ್ಕೆ ಅದು ಮೈಸೂರಿಗೆ ಸೇರಿತು. ಪಕ್ಕದ ಯಳಂದೂರು ಮಾತ್ರ ಮೊದಲಿನಿಂದಲೂ ಮೈಸೂರಿನದು. ಇವತ್ತು ಒಂದೇ ಕ್ಷೇತ್ರದಲ್ಲಿರುವ ಎರಡು ಊರು, ಬಸ್ಸಲ್ಲಿ ಹತ್ತಿ ಕೂತರೆ ಹೆಚ್ಚು ಹೊತ್ತಿನ ದಾರಿಯೂ ಅಲ್ಲ. ಮೊದಲ ಚುನಾವಣೆಯಲ್ಲಿ ಯಳಂದೂರಿನವರು ಬೆಂಗಳೂರಿನ ವಿಧಾನಸಭೆಗೆ, ಕೊಳ್ಳೇಗಾಲದವರು ಮದ್ರಾಸಿನ ವಿಧಾನಸಭೆಗೆ ವೋಟು ಹಾಕಿದರು! ಈ ವಿಷಯ ಸಿಕ್ಕ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಲ್ಲಿಂದ ನನ್ನ ಪಟ್ಟಿಯ ರೂಪವೇ ಬದಲಾಯಿತು. ಕ್ಷೇತ್ರದ ಹೆಸರು ಹಿಡಿದು ಗೆದ್ದವರನ್ನು ಒಬ್ಬರ ಕೆಳಗೊಬ್ಬರಂತೆ ಬರೆಯುತ್ತಾ ಹೋದರೆ ಅದು ಇತಿಹಾಸ ಆಗುವುದಿಲ್ಲ. ಹಿಡಿಯಬೇಕಾದ್ದು ಹಳ್ಳಿಗಳನ್ನು. ಪ್ರತಿ ಮರುವಿಂಗಡಣೆ ಆದೇಶದಲ್ಲೂ ಯಾವ ತಾಲ್ಲೂಕು, ಯಾವ ಹೋಬಳಿ ಯಾವ ಕ್ಷೇತ್ರಕ್ಕೆ ಅಂತ ಬರೆದಿರುತ್ತಾರೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಊರಿಗೊಂದು ಸಾಲು ಮಾಡಿದೆ. ಯಳಂದೂರು ಮತ್ತು ಸಂತೇಮರಹಳ್ಳಿ ಕಡೆಯ ಊರುಗಳು 2004ರ ತನಕ ಒಂದು ಕಡೆ, 2008ರಿಂದ ಕೊಳ್ಳೇಗಾಲ ಪಟ್ಟಣದ ಜೊತೆಗೆ. ಕೊಳ್ಳೇಗಾಲ ತಾಲ್ಲೂಕಿನ ಕಾಡಂಚಿನ ಊರುಗಳು ಹನೂರು ಕ್ಷೇತ್ರಕ್ಕೆ.

ಬೂತ್ ಮಟ್ಟದ ಲೆಕ್ಕ ಬೇಕು ಅನ್ನುವವರು ಫಾರಂ 20 ನೋಡಬೇಕು, ಅಂದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು ಅಂತ ಬರೆದಿರುವ ಫಲಿತಾಂಶದ ಪಟ್ಟಿ. ಇತ್ತೀಚಿನ ಚುನಾವಣೆಗಳದ್ದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ಬೂತ್ ನಂಬರ್ ನಂಬಿಕೊಂಡು ಹೋಗಬೇಡಿ. ಎಲ್ಲೋ ಒಂದು ಹೊಸ ಬೂತ್ ಸೇರಿದರೆ ಸಾಕು, ಅದರ ಮುಂದಿನ ನಂಬರುಗಳೆಲ್ಲ ಒಂದೊಂದು ಮನೆ ಜರುಗುತ್ತವೆ. ಮತಗಟ್ಟೆಗಳ ಪಟ್ಟಿ ಬೇರೆ ಇರುತ್ತದೆ, ಅದರಲ್ಲಿ ಕಟ್ಟಡದ ಹೆಸರು ನೋಡಿ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಪೂರ್ವ ಭಾಗದ ಕೊಠಡಿ’ ಅಂತ ಇರುತ್ತದಲ್ಲ, ಅದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ನಾನು ಶಾಲೆಯ ಹೆಸರಿನ ಮೇಲೇ ಹೊಂದಿಸಿದೆ.

ಇನ್ನು ಉಪಚುನಾವಣೆ. ಸಾರ್ವತ್ರಿಕ ಚುನಾವಣೆಯ ವರದಿಗಳಲ್ಲಿ ಅವು ಬರುವುದಿಲ್ಲ, ಬೇರೆಯಾಗಿ ಹುಡುಕಬೇಕು. 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದ ಧ್ರುವನಾರಾಯಣ 2009ರಲ್ಲಿ ಚಾಮರಾಜನಗರದ ಸಂಸದರಾದರು. ತೆರವಾದ ಸ್ಥಾನಕ್ಕೆ ಅದೇ ವರ್ಷ ನಡೆದ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. ಇದೊಂದು ಬಿಟ್ಟುಹೋದರೆ ಕತೆಯೇ ತಪ್ಪುತ್ತದೆ. ನೋಟಾ ಕಾಲಂ ಕೂಡ ಅಷ್ಟೆ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ನಮ್ಮ ವಿಧಾನಸಭಾ ಚುನಾವಣೆ ಮೇ ತಿಂಗಳಲ್ಲೇ ಮುಗಿದಿತ್ತು. ಹಾಗಾಗಿ 2018ಕ್ಕೆ ಮೊದಲು ಆ ಕಾಲಂ ಖಾಲಿ.

ಕಾಗದದ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಊರುಗಳಿಗೆ ಹೋದೆ. ಯಳಂದೂರಿನ ಹೋಟೆಲೊಂದರಲ್ಲಿ, ಹಿಂದೆ ಎಣಿಕೆ ಏಜೆಂಟ್ ಆಗಿದ್ದ ಹಿರಿಯರೊಬ್ಬರ ಮುಂದೆ ನನ್ನ ಪಟ್ಟಿ ಬಿಚ್ಚಿಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. “ನೋಡಪ್ಪ, ಇವರಿಬ್ಬರದು ಒಂದು ವೋಟಿಗೆ ಮುಗೀಲಿಲ್ಲ. ಎಂಪಿ ಎಲೆಕ್ಷನ್ನೂ ಸೇರಿಸ್ಕೊ, ಆಗ ಗೊತ್ತಾಯ್ತದೆ” ಅಂದರು.

ಅವರು ಹೇಳಿದ್ದು ನಿಜ. ಲೋಕಸಭೆಯ ಲೆಕ್ಕ ಸೇರಿಸಿದ ಮೇಲೆ ಕಂಡದ್ದೇ ಬೇರೆ. ಕೃಷ್ಣಮೂರ್ತಿ ಅವರು ಸಂತೇಮರಹಳ್ಳಿ ಕ್ಷೇತ್ರದಿಂದಲೇ ಗೆದ್ದು ಮಂತ್ರಿಯಾಗಿ, ಮುಂದೆ ಕೇರಳದ ರಾಜ್ಯಪಾಲರೂ ಆದ ಬಿ. ರಾಚಯ್ಯನವರ ಮಗ. 2009ರಲ್ಲಿ ಬಿಜೆಪಿಯಿಂದ ಧ್ರುವನಾರಾಯಣ ಅವರ ಎದುರು ನಿಂತು 4,002 ವೋಟಿನಿಂದ ಸೋತರು. 2014ರಲ್ಲಿ ಮತ್ತೆ ಅವರೇ ಎದುರಾಳಿ, ಮತ್ತೆ ಸೋಲು. 2018ರ ಹೊತ್ತಿಗೆ ಇಬ್ಬರೂ ಒಂದೇ ಪಕ್ಷದಲ್ಲಿದ್ದರು! ಆ ವರ್ಷ ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿ ಕಾಂಗ್ರೆಸ್ ಅಭ್ಯರ್ಥಿ. ಗೆದ್ದದ್ದು ಬಿಎಸ್‌ಪಿಯ ಎನ್. ಮಹೇಶ್, 19,454 ವೋಟಿನ ಅಂತರದಿಂದ. ರಾಜ್ಯಕ್ಕೆಲ್ಲ ಆ ಪಕ್ಷದಿಂದ ಗೆದ್ದವರು ಅವರೊಬ್ಬರೇ. 2013ರಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದವರೂ ಅವರೇ, ಹಾಗಾಗಿ ಅದು ದಿಢೀರ್ ಗೆಲುವಲ್ಲ. 2023ರಲ್ಲಿ ಮಹೇಶ್ ಬಿಜೆಪಿಯಿಂದ ನಿಂತಾಗ ಕೃಷ್ಣಮೂರ್ತಿ 59,519 ವೋಟಿನ ಅಂತರದಿಂದ ಗೆದ್ದರು. ಅದಕ್ಕೆ ಎರಡು ತಿಂಗಳ ಹಿಂದೆ, ಮಾರ್ಚ್ 11ರಂದು ಧ್ರುವನಾರಾಯಣ ತೀರಿಕೊಂಡಿದ್ದರು.

ಕೃಷ್ಣಮೂರ್ತಿ ಅವರ 2004ರ 40,751ನ್ನೂ 2023ರ ವೋಟನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಆ ಕ್ಷೇತ್ರ ಬೇರೆ, ಈ ಕ್ಷೇತ್ರ ಬೇರೆ. ಹೋಲಿಸಬೇಕು ಅನ್ನಿಸಿದರೆ ಸಿಂಧು ಮತಗಳಲ್ಲಿ ಶೇಕಡಾ ಎಷ್ಟು ಅಂತ ನೋಡಿ.

2004ರಲ್ಲಿ ಕೃಷ್ಣಮೂರ್ತಿ ಅವರ ಕಾರಿನ ಡ್ರೈವರಿಗೇ ವೋಟು ಹಾಕಲು ಆಗಲಿಲ್ಲ ಅನ್ನುವ ಕತೆ ಎಲ್ಲರ ಬಾಯಲ್ಲೂ ಇದೆ. ನಾನು ಅದನ್ನು ಸೋಲಿನ ಕಾರಣ ಅಂತ ಬರೆಯಲಿಲ್ಲ. ಅಂತರ ಒಂದೇ ವೋಟು ಇದ್ದಾಗ, ಆ ದಿನ ಮನೆಯಲ್ಲೇ ಉಳಿದ ಯಾರು ಬೇಕಾದರೂ ಕಾರಣ ಆಗಬಹುದು. ಒಬ್ಬ ಡ್ರೈವರ್ ಮೇಲೆ ಅಷ್ಟು ಭಾರ ಹೊರಿಸುವುದು ನ್ಯಾಯ ಅಲ್ಲ, ಅಲ್ವಾ?

ಈಗ ಇರುವ ಗಡಿಗಳು 2001ರ ಜನಗಣತಿ ಆಧರಿಸಿದವು. ಸಂವಿಧಾನದ ಪ್ರಕಾರ 2026ರ ನಂತರದ ಮೊದಲ ಜನಗಣತಿ ಆದ ಮೇಲೆ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಬೇಕು. ಆದ್ದರಿಂದ ಕೊಳ್ಳೇಗಾಲ ಕ್ಷೇತ್ರದ ಈಗಿನ ಮತಗಟ್ಟೆಗಳ ಪೂರ್ತಿ ಪಟ್ಟಿಯನ್ನು ಶಾಲೆ, ಊರಿನ ಹೆಸರುಗಳ ಸಮೇತ ಇಳಿಸಿ ಇಟ್ಟುಕೊಂಡಿದ್ದೇನೆ. ನಿಮ್ಮ ಕ್ಷೇತ್ರದ್ದನ್ನು ನೀವೂ ಈಗಲೇ ಇಳಿಸಿಟ್ಟುಕೊಳ್ಳಿ.