ಎಡಗೈ ಸುಮ್ಮನಾಗಲು ಹಿಡಿದ ವರ್ಷಗಳು

ಮೊದಲ ಸಲ ಬ್ಯಾಂಡ್ ಜೊತೆ ಜಾಜ್ ನುಡಿಸಿದ ದಿನ ಯಾರೂ ನನ್ನನ್ನು ಹೊಗಳಲಿಲ್ಲ. ಹಾಡು ಮುಗಿದ ಮೇಲೆ ಡಬಲ್ ಬಾಸ್ (ಕೆಳಸ್ವರದ ದೊಡ್ಡ ತಂತಿವಾದ್ಯ) ನುಡಿಸುತ್ತಿದ್ದ ಹಿರಿಯರು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ನೋಡಪ್ಪಾ, ನಿನ್ನ ಎಡಗೈ ನನ್ನ ಕೆಲಸಾನೂ ಮಾಡ್ತಾ ಇದೆ. ನಾನು ಮನೆಗೆ ಹೋಗ್ಲಾ?"

ನಾನು ನಕ್ಕೆ. ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು, ಸರಿ ಮಾಡಿಕೊಳ್ಳಲು ಎರಡು ವರ್ಷ.

ಅಲ್ಲಿಯವರೆಗೆ ನಾನು ಒಬ್ಬನೇ ಕೂತು ಕಲಿತವನು. ಎಂಟು ವರ್ಷ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ, ಆಮೇಲೆ ರೆಕಾರ್ಡ್ ಕೇಳಿ ಕೇಳಿ ಹತ್ತಿದ ಜಾಜ್ ಹುಚ್ಚು. ಒಬ್ಬನೇ ನುಡಿಸುವಾಗ ಎಡಗೈ ಎಲ್ಲವನ್ನೂ ಹೊರಬೇಕು. ಕೆಳಗಿನ ಮೂಲ ಸ್ವರ, ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು), ತಾಳ, ಎಲ್ಲಾ. ಬ್ಯಾಂಡ್‌ನಲ್ಲಿ ಮೂಲ ಸ್ವರ ಬಾಸ್‌ನವರದು. ಅದನ್ನೇ ನಾನೂ ಒತ್ತಿದರೆ ಕೆಳಗೆಲ್ಲ ಕೆಸರು. ಅವರು ಬೇಕಂತಲೇ ಬೇರೆ ಸ್ವರಕ್ಕೆ ಹೋದರೆ ಇಬ್ಬರಿಗೂ ಜಗಳ, ಅದೂ ಎಲ್ಲರ ಮುಂದೆ.

ಇದಕ್ಕೆ ಪರಿಹಾರ ಯಾವತ್ತೋ ಸಿಕ್ಕಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೇ. ಬಿಲ್ ಎವನ್ಸ್, ವಿಂಟನ್ ಕೆಲ್ಲಿ ಮುಂತಾದ ಜಾಜ್ ಪಿಯಾನೋದವರು 1950ರ ದಶಕದ ಕೊನೆಯ ಹೊತ್ತಿಗೆ ಎಡಗೈಯಿಂದ ಮೂಲ ಸ್ವರವನ್ನೇ ತೆಗೆದುಹಾಕಿ ನುಡಿಸುತ್ತಿದ್ದರು. ಹೇಗೆ ಅಂತ ಒಂದೇ ಉದಾಹರಣೆಯಲ್ಲಿ ಹೇಳುತ್ತೇನೆ, ಪಿಯಾನೋ ಹತ್ತಿರ ಇದ್ದರೆ ಒತ್ತಿ ನೋಡಿ. ಡಿ ಮೈನರ್ ಸೆವೆನ್ ಅನ್ನೋ ಕಾರ್ಡ್ ಅಂದರೆ ಡಿ, ಎಫ್, ಎ, ಸಿ ಸ್ವರಗಳು. ಕೆಳಗಿನ ಡಿ ಬಿಡಿ. ಮೇಲೆ ಒಂದು ಇ ಸೇರಿಸಿ. ಈಗ ಕೈಯಲ್ಲಿರೋದು ಎಫ್, ಎ, ಸಿ, ಇ. ಮುಂದಿನ ಕಾರ್ಡ್ ಜಿ ಸೆವೆನ್. ಕೈ ಎತ್ತಬೇಡಿ. ಸಿ ಮೇಲಿನ ಬೆರಳನ್ನು ಪಕ್ಕದ ಬಿ ಮೇಲೆ ಇಳಿಸಿ, ಮುಗೀತು. ಎಫ್, ಎ, ಬಿ, ಇ. ಇದರಲ್ಲಿ ಜಿ ಎಲ್ಲೂ ಇಲ್ಲ. ಆದರೆ ಬಾಸ್‌ನವರು ಅತ್ತ ಜಿ ತಂತಿ ಎಳೆದ ತಕ್ಷಣ ಕಿವಿಗೆ ಜಿ ಸೆವೆನ್ ತುಂಬಿಕೊಂಡು ಕೇಳುತ್ತದೆ. ಕೊನೆಗೆ ಸಿ ಮೇಜರ್. ಬಿ ಇದ್ದಲ್ಲೇ ಇರಲಿ, ಉಳಿದ ಮೂರು ಬೆರಳು ಒಂದೊಂದು ಬಿಳಿ ಮನೆ ಕೆಳಗೆ. ಇ, ಜಿ, ಬಿ, ಡಿ.

ಆ ಒಂದು ಬೆರಳು ಸಿ ಇಂದ ಬಿ ಗೆ ಸರಿದ ಕ್ಷಣ ನನಗೆ ಈಗಲೂ ನೆನಪಿದೆ. ಇಡೀ ಕೈ ಹಾರಾಡಿಸಿ ಎರಡು ಕಾರ್ಡ್ ಹಿಡಿಯುತ್ತಿದ್ದವನಿಗೆ ಅರ್ಧ ಸ್ವರದ ಒಂದು ಸರಿತ ಸಾಕು ಅಂತ ಗೊತ್ತಾದರೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಇದನ್ನು 12 ಶ್ರುತಿಗಳಲ್ಲೂ ಕೂರಿಸಲು ನಾಲ್ಕು ತಿಂಗಳು ಹಿಡಿಯಿತು. ದಿನಕ್ಕೊಂದು ಶ್ರುತಿ ಅಂತ ಶುರುಮಾಡಿ ಸೋತೆ. ಆಮೇಲೆ ವಾರಕ್ಕೊಂದು ಶ್ರುತಿ ಅಂತ ಮಾಡಿಕೊಂಡೆ, ಮೊದಲ ಸುತ್ತು ಮುಗಿಯಲು ಮೂರು ತಿಂಗಳು, ಮರೆತಿದ್ದನ್ನು ಮತ್ತೆ ಹಿಡಿಯಲು ಇನ್ನೊಂದು. ನಡು ಸಿ ಆಸುಪಾಸಿನಲ್ಲೇ ಕೈ ಇರಬೇಕು. ಜಾಸ್ತಿ ಕೆಳಗೆ ಹೋದರೆ ಗೊರಗೊರ, ಜಾಸ್ತಿ ಮೇಲೆ ಹೋದರೆ ತೆಳು. ಅದಕ್ಕೇ ಕೆಲವು ಶ್ರುತಿಗಳಲ್ಲಿ ಅದೇ ನಾಲ್ಕು ಸ್ವರಗಳನ್ನು ಮಗುಚಿ ಹಿಡಿಯಬೇಕಾಗುತ್ತದೆ.

ಸ್ವರ ಸರಿಹೋಯಿತು. ಆಮೇಲೆ ಗೊತ್ತಾಗಿದ್ದು, ನಿಜವಾದ ಕಷ್ಟ ಯಾವಾಗ ಒತ್ತಬೇಕು ಅನ್ನೋದರಲ್ಲಿದೆ ಅಂತ. ಸೋಲೋ ನುಡಿಸುವವರ ಹಿಂದೆ ಪಿಯಾನೋದವರು ಮಾಡುವ ಕೆಲಸಕ್ಕೆ ಕಾಂಪಿಂಗ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಪಕ್ಕವಾದ್ಯ. ಒಂದು ರಾತ್ರಿಯ ಕಾರ್ಯಕ್ರಮದಲ್ಲಿ ನನ್ನ ಸೋಲೋ ಎಲ್ಲಾ ಸೇರಿಸಿದರೆ ಇಪ್ಪತ್ತು ನಿಮಿಷ ಇರಬಹುದು. ಉಳಿದ ಹೊತ್ತೆಲ್ಲಾ ನಾನು ಯಾರದೋ ಹಿಂದೆ. ಆದರೂ ಮೊದಲ ಐದು ವರ್ಷ ನಾನು ಅಭ್ಯಾಸ ಮಾಡಿದ್ದೆಲ್ಲಾ ಆ ಇಪ್ಪತ್ತು ನಿಮಿಷಕ್ಕೆ. ಪೆದ್ದುತನ ಅಲ್ವಾ?

ಎಲ್ಲರೂ ಹೇಳುವ ಹಾಗೆ ನಾನೂ ದೊಡ್ಡವರ ಸೋಲೋಗಳನ್ನು ಕಿವಿಯಿಂದ ಇಳಿಸಿಕೊಂಡೆ. ಮೊದಲು ಬಾಯಲ್ಲಿ ಹಾಡು, ಆಮೇಲೆ ಕೈಯಲ್ಲಿ ಹಿಡಿ, ಕೊನೆಗೆ ಬೇಕಿದ್ದರೆ ಬರೆದುಕೋ. ವಿಂಟನ್ ಕೆಲ್ಲಿಯ ಒಂದೇ ಒಂದು ಬ್ಲೂಸ್ ಸುತ್ತು, ಅಂದರೆ 12 ಬಾರ್ (ನಾಲ್ಕೆಣಿಕೆಯ ಆವರ್ತಗಳು), ಆರು ವಾರ ತಿಂದಿತು. ಅದರಿಂದ ಲಾಭ ಆಗಲಿಲ್ಲ ಅಂತಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಿಗುತ್ತಿದೆ. ನನಗೆ ಜಾಸ್ತಿ ಕಲಿಸಿದ್ದು ಇನ್ನೊಂದು ಕೆಲಸ. ಟ್ರಂಪೆಟ್‌ನವರು ಸೋಲೋ ನುಡಿಸುವಾಗ ಹಿಂದೆ ಪಿಯಾನೋ ಎಲ್ಲೆಲ್ಲಿ ಬೀಳುತ್ತದೆ ಅಂತ ಗುರುತು ಹಾಕಿಕೊಳ್ಳುವುದು. ಸ್ವರ ಬೇಡ, ಬರೀ ಜಾಗ. ಕಾಗದದ ಮೇಲೆ ನಾಲ್ಕು ನಾಲ್ಕು ಚೌಕ ಎಳೆದು, ಬಿದ್ದಲ್ಲಿ ಒಂದು ಚುಕ್ಕೆ.

ಪಿಯಾನೋದ ರೆಡ್ ಗಾರ್ಲೆಂಡ್ ಅವರಿಂದ ಶುರುಮಾಡಿದೆ. 1955ರಿಂದ ಕೆಲವು ವರ್ಷ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಐದು ಜನರ ಕ್ವಿಂಟೆಟ್‌ನಲ್ಲಿದ್ದವರು. ಅವರ ಎಡಗೈಗೆ ಒಂದು ಅಭ್ಯಾಸವಿದೆ. ಬಾಯಲ್ಲಿ "ಒಂದು-ಮ್, ಎರಡು-ಮ್, ಮೂರು-ಮ್, ನಾಲ್ಕು-ಮ್" ಅಂತ ಎಣಿಸಿ. ಎರಡರ ಮತ್ತು ನಾಲ್ಕರ ನಂತರದ ಆ "ಮ್" ಮೇಲೆ ಅವರ ಕಾರ್ಡ್ ಪದೇ ಪದೇ ಬೀಳುತ್ತದೆ. ನಾಲ್ಕರ "ಮ್" ಮೇಲೆ ಬೀಳುವುದು ಮುಂದಿನ ಬಾರ್‌ನ ಕಾರ್ಡ್, ಅರ್ಧ ಎಣಿಕೆ ಮುಂಚೆಯೇ. ಹಾಗಾಗಿ ಹಾಡು ಯಾವಾಗಲೂ ಒಂದು ಹೆಜ್ಜೆ ಮುಂದೆ ವಾಲಿಕೊಂಡಿರುವ ಹಾಗೆ ಕೇಳುತ್ತದೆ. ನಾನು ಅಷ್ಟು ದಿನ ಒಂದನೇ ಎಣಿಕೆ ಮೇಲೆ ಧಪ್ ಅಂತ ಕಾರ್ಡ್ ಹಾಕುತ್ತಿದ್ದೆ. ನನ್ನ ಹಾಡು ಯಾಕೆ ಮೂಟೆ ಹೊತ್ತವರ ಹಾಗೆ ನಡೆಯುತ್ತಿತ್ತು ಅಂತ ಆಗ ಗೊತ್ತಾಯಿತು.

ಅಭ್ಯಾಸಕ್ಕೆ ಮೆಟ್ರೋನೋಮ್ (ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ) ಅನ್ನು ಅರ್ಧ ವೇಗಕ್ಕೆ ಇಟ್ಟು ಆ ಟಿಕ್ ಅನ್ನು ಎರಡು ಮತ್ತು ನಾಲ್ಕನೇ ಎಣಿಕೆ ಅಂತ ಕೇಳಿಸಿಕೊಂಡೆ. ಮೊದಲ ವಾರ ಟಿಕ್ ತಾನಾಗೇ ಒಂದು ಮತ್ತು ಮೂರಕ್ಕೆ ಜಾರಿಬಿಡುತ್ತಿತ್ತು. ಕಿವಿ ಹಳೇ ಜಾಗಕ್ಕೆ ಓಡುತ್ತದೆ. ಪಿಯಾನೋ ಮುಟ್ಟದೆ, ನಡೆಯುವಾಗ ಬರೀ ಬಾಯಲ್ಲಿ ಹೇಳಿಕೊಂಡು ಸರಿಮಾಡಿದೆ.

ಇಷ್ಟು ಹೊತ್ತಿಗೆ ಹೊಟ್ಟೆಪಾಡಿಗೆ ಹೋಟೆಲ್ ಲಾಬಿಯಲ್ಲಿ ನುಡಿಸುತ್ತಿದ್ದೆ. ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಯಾರೂ ಕೇಳಲ್ಲ, ಅದೇ ಅದರ ಸುಖ. ತಪ್ಪು ಮಾಡಲು ಅಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ನನ್ನ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಠ ಹೇಳುವುದರಿಂದ ಬರುತ್ತದೆ, ಅಂದೂ ಇಂದೂ. ಇದನ್ನು ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ.

ಆದರೆ ಆ ಲಾಬಿಯ ಪಿಯಾನೋ ಬಗ್ಗೆ ಹೇಳಲೇಬೇಕು. ಉಳಿದ ವಾದ್ಯದವರು ತಮ್ಮ ವಾದ್ಯ ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ನಮಗೆ ಅಲ್ಲಿದ್ದದ್ದೇ ಗತಿ. ಮಳೆಗಾಲದಲ್ಲಿ ಮರ ಉಬ್ಬಿ ನಡು ಸಿ ಮೇಲಿನ ಎಫ್ ಕೀಲಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಒಂದು ಸಲ ಸದ್ದು, ಆಮೇಲೆ ಮೂಕ. ಪಕ್ಕದ ಬೆರಳಿನಿಂದ ಕೆಳಗಿನಿಂದ ಮೀಟಿ ಎತ್ತಬೇಕು. ಅವತ್ತು ಬುದ್ಧಿ ಓಡಿಸಿ ಎಲ್ಲಾ ಹಾಡುಗಳನ್ನೂ ಡಿ ಮತ್ತು ಎ ಶ್ರುತಿಗೆ ಎತ್ತಿಕೊಂಡೆ, ಅಲ್ಲಿ ಎಫ್ ಬರಲ್ಲವಲ್ಲ ಅಂತ. ಆದರೆ ಜಾಜ್‌ನಲ್ಲಿ ಬರದ ಸ್ವರ ಅಂತ ಯಾವುದಿದೆ? ಡಿ ಬ್ಲೂಸ್‌ನ ಮೊದಲ ಬಾರ್‌ನಲ್ಲೇ ಕೈ ಹೋಗಿ ಎಫ್ ಮೇಲೆ ಬಿತ್ತು.

1975ರ ಜನವರಿ 24ರಂದು ಪಿಯಾನೋ ವಾದಕ ಕೀತ್ ಜ್ಯಾರೆಟ್ ಜರ್ಮನಿಯ ಕಲೋನ್ ನಗರದ ಒಪೆರಾ ಹೌಸ್‌ನಲ್ಲಿ ಕೊಟ್ಟ ಕಛೇರಿಯ ಕಥೆ ಪಿಯಾನೋದವರಿಗೆಲ್ಲಾ ಗೊತ್ತು. ಕೇಳಿದ ಪಿಯಾನೋ ಬರಲಿಲ್ಲ, ಬಂದದ್ದರ ಮೇಲಿನ ಸ್ವರಗಳು ತಗಡಿನ ಹಾಗೆ, ಕೆಳಗಿನವು ಬಲಹೀನ, ಪೆಡಲ್ ಸರಿಯಿಲ್ಲ. ಅವರು ನಡುಭಾಗದಲ್ಲೇ ಉಳಿದು, ಎಡಗೈಯಲ್ಲಿ ಒಂದೇ ತುಣುಕನ್ನು ಮತ್ತೆ ಮತ್ತೆ ಹೊಡೆದು ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಹುಟ್ಟಿಸಿಕೊಂಡು ನುಡಿಸಿದರು. ಆ ರೆಕಾರ್ಡ್ ಜಗತ್ತೆಲ್ಲಾ ಮಾರಾಟವಾಯಿತು. ನನ್ನ ಎಫ್ ಕೀಲಿಯಿಂದ ಅಂಥದ್ದೇನೂ ಹುಟ್ಟಲಿಲ್ಲ. ಆದರೆ ಆ ಮೇಲೆ ಎಲ್ಲೇ ಹೋದರೂ ಅರ್ಧ ಗಂಟೆ ಮುಂಚೆ ಹೋಗಿ 88 ಕೀಲಿಗಳನ್ನೂ ಒಂದೊಂದಾಗಿ ಒತ್ತಿ ನೋಡುತ್ತೇನೆ.

ಹಾಡುಗಾರರ ಜೊತೆಗಿನ ಕೆಲಸ ಇನ್ನೊಂದೇ ಲೋಕ. ವೇದಿಕೆ ಹತ್ತುವ ಮುಂಚೆ "ಇವತ್ತು ಗಂಟಲು ಸರಿ ಇಲ್ಲ, ಒಂದು ಸ್ವರ ಕೆಳಗೆ" ಅನ್ನುತ್ತಾರೆ. ಕಾರ್ಡ್‌ಗಳನ್ನು ಹೆಸರಿನಲ್ಲಿ ನೆನಪಿಟ್ಟವರು ಅಲ್ಲೇ ಬೆವರುತ್ತಾರೆ. ನಾನೂ ಬೆವರಿದ್ದೇನೆ. ಆಮೇಲೆ ಎಲ್ಲವನ್ನೂ ಅಂಕಿಯಲ್ಲಿ ಇಟ್ಟುಕೊಂಡೆ, ಕಾರ್ಡ್ ಆ ಶ್ರುತಿಯ ಎಷ್ಟನೇ ಸ್ವರದ್ದು ಅಂತ: ಎರಡು, ಐದು, ಒಂದು. ಅಂಕಿ ಬದಲಾಗಲ್ಲ, ಒಂದು ಎಲ್ಲಿದೆ ಅಂತ ತಿಳಿದರೆ ಸಾಕು.

ಮೊದಲ ಹಾಡುಗಾರ್ತಿಯ ಹಿಂದೆ ನಾನು ಮಾಡಿದ ತಪ್ಪು ಇದಲ್ಲ. ಅವರಿಗೆ ಸಹಾಯ ಆಗಲಿ ಅಂತ ಬಲಗೈಯಲ್ಲಿ ಹಾಡಿನ ಸ್ವರಗಳನ್ನೇ ಅವರ ಜೊತೆಜೊತೆಗೆ ನುಡಿಸಿದೆ. ಅವರು ಹಾಡನ್ನು ಸ್ವಲ್ಪ ತಡವಾಗಿ ಎಳೆದು ಹಾಡುವವರು. ನಾನು ಪ್ರತಿ ಸಾಲಲ್ಲೂ ಅವರಿಗಿಂತ ಮುಂಚೆ ಮುಟ್ಟುತ್ತಿದ್ದೆ. ಬಿಡುವಿನಲ್ಲಿ ನಗುತ್ತಲೇ ಹೇಳಿದರು: "ಈ ಹಾಡು ನಂಗೆ ಬರತ್ತೆ. ನೀವು ಬೇರೆ ಏನಾದ್ರೂ ನುಡಿಸಿ."

ಅವತ್ತು ಮನೆಗೆ ಬಂದು ಪಿಯಾನೋದ ಟಾಮಿ ಫ್ಲ್ಯಾನಗನ್ ಅವರನ್ನು ಕೇಳಲು ಶುರುಮಾಡಿದೆ. ಗಾಯಕಿ ಎಲಾ ಫಿಟ್ಜೆರಾಲ್ಡ್ ಅವರ ಹಿಂದೆ ಎಲ್ಲಾ ಸೇರಿ ಹತ್ತು ವರ್ಷಕ್ಕೂ ಜಾಸ್ತಿ ನುಡಿಸಿದವರು. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಂದು ಸಣ್ಣ ಮಾತು, ಅಷ್ಟೇ. ಮತ್ತೆ ಮರೆ.

ಫ್ಲ್ಯಾನಗನ್ ಬಗ್ಗೆ ಇನ್ನೊಂದು ಕಥೆಯೂ ಇದೆ, ನನಗೆ ತುಂಬಾ ಬೇಕಾದದ್ದು. 1959ರ ಮೇ ತಿಂಗಳಲ್ಲಿ ಸ್ಯಾಕ್ಸಫೋನ್ ವಾದಕ ಜಾನ್ ಕೋಲ್ಟ್ರೇನ್ "ಜಯಂಟ್ ಸ್ಟೆಪ್ಸ್" ರೆಕಾರ್ಡ್ ಮಾಡಿದಾಗ ಪಿಯಾನೋ ಇವರದು. ಕಾರ್ಡ್‌ಗಳು ಎರಡೆರಡು ಎಣಿಕೆಗೆ ಬದಲಾಗುತ್ತಾ ದೂರದೂರದ ಶ್ರುತಿಗಳಿಗೆ ಹಾರುತ್ತವೆ, ಅದೂ ಓಡುವ ವೇಗದಲ್ಲಿ. ಕೋಲ್ಟ್ರೇನ್ ನೀರು ಕುಡಿದ ಹಾಗೆ ನುಡಿಸುತ್ತಾರೆ. ಫ್ಲ್ಯಾನಗನ್ ಸೋಲೋ ತುಂಡು ತುಂಡಾಗಿ ಹೋಗಿ ಕೊನೆಗೆ ಬರೀ ಕಾರ್ಡ್‌ಗಳಾಗಿ ನಿಲ್ಲುತ್ತದೆ. ಆ ರೆಕಾರ್ಡ್ ಹಾಗೇ ಹೊರಬಂತು, ಎಲ್ಲರೂ ಕೇಳಿದರು, ಈಗಲೂ ಕೇಳುತ್ತಾರೆ. 1982ರಲ್ಲಿ ಅವರು ತಮ್ಮದೇ ಟ್ರಯೋ (ಮೂವರ ತಂಡ) ಜೊತೆ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು, ಸಲೀಸಾಗಿ.

ನನಗೆ ಹಾಗೆ ಆಗಿದ್ದು ಇದಕ್ಕಿಂತ ಎಷ್ಟೋ ಸುಲಭದ ಹಾಡಿನಲ್ಲಿ. 32 ಬಾರ್, ಎ ಎ ಬಿ ಎ: ಎ ಭಾಗ ಎರಡು ಸಲ, ಬ್ರಿಜ್ ಅನ್ನೋ ಬಿ ಭಾಗ ಒಂದು ಸಲ, ಮತ್ತೆ ಎ. ನನ್ನ ಸೋಲೋ ಚೆನ್ನಾಗಿ ಹೋಗುತ್ತಿದೆ ಅಂತ ನನಗೇ ಖುಷಿಯಾಯಿತು, ಅದೇ ಹಾಳು ಮಾಡಿದ್ದು. ಇದು ಎರಡನೇ ಎ ನಾ, ಕೊನೆಯ ಎ ನಾ? ಮರೆತುಹೋಯಿತು. ಕೈ ಓಡುತ್ತಿದೆ, ತಲೆ ಖಾಲಿ. ಡ್ರಮ್‌ನವರು ಕಣ್ಣು ದೊಡ್ಡದು ಮಾಡಿದರು. ಬಾಸ್‌ನ ಹಿರಿಯರು ಇಡೀ ಸಭೆಗೆ ಕೇಳುವ ಹಾಗೆ "ಬ್ರಿಜ್!" ಅಂತ ಕೂಗಿದರು. ಮುಂದಿನ ಸಾಲಿನಲ್ಲಿ ಯಾರೋ ಅದು ಹಾಡಿನ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು.

ನಲವತ್ತರ ಹತ್ತಿರ ಬಲ ಮಣಿಕಟ್ಟು ಕೈಕೊಟ್ಟಿತು. ಹೆಗಲು ಬಿಗಿಹಿಡಿದು ಗಂಟೆಗಟ್ಟಲೆ ವೇಗದ ಅಭ್ಯಾಸ ಮಾಡಿದ ಫಲ. ಏಳು ವಾರ ಬಲಗೈ ಮುಟ್ಟುವ ಹಾಗಿಲ್ಲ. ಆಗ ಪಿಯಾನೋದ ಹೊರೇಸ್ ಪಾರ್ಲನ್ ಅವರನ್ನು ತುಂಬಾ ಕೇಳಿದೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಬಲಗೈಯ ಕೆಲವು ಬೆರಳು ಕೆಲಸ ಮಾಡುತ್ತಿರಲಿಲ್ಲ. ಇರುವ ಬೆರಳುಗಳಿಗೆ ಎಡಗೈ ಜೋಡಿಸಿ ತಮ್ಮದೇ ರೀತಿ ಕಟ್ಟಿಕೊಂಡು ಹೆಸರಾಂತ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಬ್ಯಾಂಡ್‌ವರೆಗೆ ಹೋದವರು. ಚುಟುಕು ಚುಟುಕು ಸಾಲುಗಳು, ಗಟ್ಟಿ ತಾಳ. ನಾನು ಎಡಗೈ ಒಂದರಲ್ಲೇ ಕೆಲಸಕ್ಕೆ ಹೋದೆ, ಬರೀ ಕಾಂಪಿಂಗ್, ಸೋಲೋ ಇಲ್ಲ. ಆ ಏಳು ವಾರದಲ್ಲಿ ನನ್ನ ಸ್ಯಾಕ್ಸಫೋನ್ ಗೆಳೆಯ ಎರಡು ಸಲ ಹೇಳಿದ, "ಈಗ ಚೆನ್ನಾಗಿ ನುಡಿಸ್ತಾ ಇದ್ದೀಯ ಕಣೋ" ಅಂತ. ಸಂತೋಷ ಪಡಬೇಕೋ ಬೇಡವೋ ಗೊತ್ತಾಗಲಿಲ್ಲ.

ಕೈ ವಾಸಿಯಾಯಿತು, ಬಲಗೈ ಮತ್ತೆ ಬಂತು, ಆದರೆ ಮೊದಲಿನಷ್ಟು ಬಾಯಿಬಡುಕ ಆಗಿ ಉಳಿಯಲಿಲ್ಲ.

1954ರ ಡಿಸೆಂಬರ್ 24ರ ರೆಕಾರ್ಡಿಂಗ್‌ನಲ್ಲಿ ಮೈಲ್ಸ್ ಡೇವಿಸ್ ತನ್ನ ಸೋಲೋ ಹಿಂದೆ ನುಡಿಸಬೇಡ ಅಂತ ಪಿಯಾನೋದ ದಿಗ್ಗಜ ಥೆಲೋನಿಯಸ್ ಮಂಕ್‌ಗೆ ಹೇಳಿದ್ದರು. ಮಂಕ್ ಅಂಥವರಿಗೆ! ಆ ಟ್ರಂಪೆಟ್ ಸೋಲೋಗಳ ಕೆಳಗೆ ಬರೀ ಬಾಸ್, ಡ್ರಮ್. ಎಷ್ಟು ಗಾಳಿಯಾಡುತ್ತದೆ ಕೇಳಿ ನೋಡಿ. ಚಿಕ್ಕವನಿದ್ದಾಗ ಇದನ್ನು ಓದಿ ಮಂಕ್ ಪರವಾಗಿ ನನಗೆ ಸಿಟ್ಟು ಬಂದಿತ್ತು.

ಕಳೆದ ತಿಂಗಳು ಒಬ್ಬ ಹುಡುಗಿ ನಮ್ಮ ಜೊತೆ ಟೆನರ್ ಸ್ಯಾಕ್ಸ್ ನುಡಿಸಿದಳು. ಮೂರನೇ ಸುತ್ತಿಗೆ ಅವಳ ಸೋಲೋ ಎಲ್ಲಿಗೋ ಹೊರಟಿತ್ತು. ನಾನು ಯಾವ ಕಾರ್ಡ್ ಹಾಕಿದರೂ ಅವಳ ದಾರಿಗೆ ಅಡ್ಡ. ಕೈ ತೊಡೆ ಮೇಲೆ ಇಟ್ಟುಕೊಂಡೆ. ಎರಡು ಪೂರ್ತಿ ಸುತ್ತು, 64 ಬಾರ್, ಸುಮ್ನೆ ಕೂತೆ. ಬ್ರಿಜ್ ಬಂದಾಗ ಎಲ್ಲಿದ್ದೇವೆ ಅಂತ ಈ ಸಲ ಗೊತ್ತಿತ್ತು. ಕಾರ್ಯಕ್ರಮ ಆದ ಮೇಲೆ ಒಬ್ಬರು ಬಂದು ಕೈ ಕುಲುಕಿ ಕೇಳಿದರು: "ಸರ್, ಮಧ್ಯದಲ್ಲಿ ಸ್ವಲ್ಪ ಹೊತ್ತು ಎದ್ದು ಹೋಗಿದ್ರಾ?"

"ಇಲ್ಲ, ಅಲ್ಲೇ ಇದ್ದೆ" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.