ಮೊದಲ ಬೈಕು ಸೆಕೆಂಡ್ ಹ್ಯಾಂಡ್ ಆದರೆ, ಇಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ

ಕಲಿಯುವ ಕೈಗೆ 100ರಿಂದ 125 ಸಿಸಿ ಗಾಡಿ ಸಾಕು. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕಿಲೋ ತೂಗುತ್ತದೆ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹೆಚ್ಚುಕಮ್ಮಿ 195 ಕಿಲೋ. ಓಡುತ್ತಿರುವಾಗ ಈ ತೂಕ ಅಷ್ಟಾಗಿ ಗೊತ್ತಾಗದು. ಸಿಗ್ನಲ್‌ನಲ್ಲಿ ಒಂದು ಕಡೆಗೆ ವಾಲಿದಾಗ, ಇಳಿಜಾರಿನಲ್ಲಿ ನಿಲ್ಲಿಸಿದ್ದನ್ನು ಹಿಂದಕ್ಕೆ ಎಳೆಯುವಾಗ ಗೊತ್ತಾಗುತ್ತದೆ. ಹೊಸಬರು ಗಾಡಿ ಬೀಳಿಸುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಹಳೇ ಗಾಡಿಯಾದರೆ ಗೀರು ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ಸೀಟಿನ ಮೇಲೆ ಕೂತಾಗ ಎರಡೂ ಪಾದಗಳ ಮುಂಭಾಗವಾದರೂ ಗಟ್ಟಿಯಾಗಿ ನೆಲ ಊರಬೇಕು.

2019ರ ಏಪ್ರಿಲ್ ನಂತರ ತಯಾರಾದ ಗಾಡಿ ಸಿಕ್ಕರೆ ಒಳ್ಳೆಯದು. ಅಲ್ಲಿಂದಾಚೆಗೆ 125 ಸಿಸಿವರೆಗಿನವಕ್ಕೆ ಸಿಬಿಎಸ್ (ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾಯಿತು. ಗಾಬರಿಯಲ್ಲಿ ಹಿಂದಿನ ಬ್ರೇಕನ್ನಷ್ಟೇ ತುಳಿಯುವವರಿಗೆ ಸಿಬಿಎಸ್ ಉಪಕಾರಿ, ಅದು ಮುಂದಿನದನ್ನೂ ಹಿಡಿಯುತ್ತದೆ.

ನೋಡಲು ಹೋದೊಡನೆ ಇಂಜಿನ್ ಬಳಿ ಕೈ ಹಿಡಿಯಿರಿ. ಆಗಲೇ ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಸ್ಟಾರ್ಟ್ ಆಗುವ ತೊಂದರೆ ಇದ್ದರೂ ಗೊತ್ತಾಗದು. ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ. ತಣ್ಣನೆಯ ಇಂಜಿನ್ ಒಂದೆರಡು ಸಲಕ್ಕೆ ಸ್ಟಾರ್ಟ್ ಆಗಬೇಕು. ಚಳಿ ಮುಂಜಾವಿನ ತೆಳು ಬಿಳಿ ಹೊಗೆಗೆ ಹೆದರಬೇಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ, ಇಂಜಿನ್ ಬಿಚ್ಚದೆ ಸರಿಯಾಗದು.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಬದಿಯನ್ನು ಯಾರಾದರೂ ಒತ್ತಿ ಹಿಡಿಯಲಿ. ಮುಂಚಕ್ರ ಎದ್ದಾಗ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಕಟ್ಟೆಂದು ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸವೆದಿದೆ, ಇದು ಬದಲಿಸಬಹುದಾದ ಸಾಮಾನು. ಆದರೆ ಹ್ಯಾಂಡಲ್ ಅತಿಯಾಗಿ ತಿರುಗದಂತೆ ತಡೆಯುವ ಕಬ್ಬಿಣದ ತುಂಡು ಜಜ್ಜಿದ್ದರೆ, ಅಲ್ಲಿ ಹೊಸ ವೆಲ್ಡಿಂಗ್ ಕಂಡರೆ, ಗಾಡಿ ಎಲ್ಲೋ ಜೋರಾಗಿ ಗುದ್ದಿರುವ ಸಾಧ್ಯತೆಯೇ ಹೆಚ್ಚು. ಬೆಲೆ ಎಷ್ಟೇ ಇಳಿಸಲಿ, ಬೇಡ.

ಮೀಟರ್ ತೋರಿಸುವ ಕಿಲೋಮೀಟರ್ ನಂಬಬೇಡಿ. ಹನ್ನೆರಡು ಸಾವಿರ ಓಡಿದೆ ಎನ್ನುವ ಗಾಡಿಯ ಫುಟ್‌ರೆಸ್ಟ್ ರಬ್ಬರ್, ಗೇರ್ ಲಿವರ್ ನುಣ್ಣಗೆ ಸವೆದಿದ್ದರೆ ಮೀಟರ್ ಬದಲಾಗಿರಬಹುದು. ಚೈನ್ ಓಡುವ ಸ್ಪ್ರಾಕೆಟ್ ಚಕ್ರದ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ಟಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೈರಿನ ಮೇಲಿನ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಓಡಿಸಿ ನೋಡುವ ಕೆಲಸ, ಲೈಸೆನ್ಸ್ ಇನ್ನೂ ಬಂದಿಲ್ಲವಾದರೆ, ಅನುಭವಸ್ಥರಿಗೆ ಬಿಡಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ತಿರುವಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಕಾಗದಪತ್ರದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿಗೆ ಅಂಕಿ ಅಂಕಿಯೂ ಹೊಂದಬೇಕು. ಬಾಕಿ ಟ್ರಾಫಿಕ್ ದಂಡ ಎಷ್ಟಿದೆಯೆಂದು ಆನ್‌ಲೈನಿನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಬೇಕು. ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಜೊತೆಗೆ ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ಕಂಡದ್ದು ಆಗ ಅಗ್ಗವಾಗಿ ಉಳಿಯದು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡ ಮೇಲೆಯೇ ಪೂರ್ತಿ ಹಣ ಕೊಡಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ ಅರ್ಜಿ ಕೊಡಲು ಇರುವುದು 14 ದಿನ.